ಸದಾ ತೆರೆದಿರುವ ಬ್ರಾಡ್‌ಬ್ಯಾಂಡ್, ಮನೆಯ ಗಣಕಯಂತ್ರ ಮತ್ತು ವರ್ತಕರ ಲೆಕ್ಕಪತ್ರ

2017ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಕರ್ನಾಟಕದ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಅನೇಕರ ಮೋಡೆಮ್‌ಗಳು ಏಕಾಏಕಿ ಕೆಲಸ ನಿಲ್ಲಿಸಿದವು. ದೂರವಾಣಿಯ ತಂತಿ ಸರಿಯಾಗಿತ್ತು, ಬಿಲ್ಲು ಪಾವತಿಯಾಗಿತ್ತು, ವಿದ್ಯುತ್ತೂ ಇತ್ತು. ಆದರೆ ಅಂತರಜಾಲದ ಸಂಪರ್ಕ ಮಾತ್ರ ದೊರೆಯುತ್ತಿರಲಿಲ್ಲ. ಹೊರಗಿನಿಂದ ಬಂದ ಕುತಂತ್ರಾಂಶವೊಂದು ಮೋಡೆಮ್‌ಗಳ ಒಳಹೊಕ್ಕು ಅವುಗಳನ್ನು ಕೆಡಿಸಿತ್ತೆಂಬುದು ಅನಂತರ ತಿಳಿದುಬಂತು. ಸುಮಾರು 60,000 ಮೋಡೆಮ್‌ಗಳು ಬಾಧಿತವಾದವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಸಂಸ್ಥೆಯ ಕೇಂದ್ರ ಜಾಲಕ್ಕಾಗಲೀ ಬಿಲ್ಲಿಂಗ್ ವ್ಯವಸ್ಥೆಗಾಗಲೀ ಧಕ್ಕೆಯಾಗಿರಲಿಲ್ಲ. ಹಾಳಾದುದು ಗ್ರಾಹಕರ ಗೋಡೆಯ ಮೇಲಿದ್ದ ಪೆಟ್ಟಿಗೆ ಮಾತ್ರ. ಬಾಧಿತವಾದ ಮೋಡೆಮ್‌ಗಳಲ್ಲಿ ಇದ್ದ ಸಮಾನ ಲಕ್ಷಣ ಒಂದೇ: ಕಾರ್ಖಾನೆಯಿಂದ ಬರುವಾಗ ಇದ್ದ ಬಳಕೆದಾರ ಹೆಸರು 'ಅಡ್ಮಿನ್', ಪಾಸ್‌ವರ್ಡ್ ಕೂಡ 'ಅಡ್ಮಿನ್'; ಅದನ್ನು ಯಾರೂ ಬದಲಾಯಿಸಿರಲಿಲ್ಲ. ಗ್ರಾಹಕರೆಲ್ಲರೂ ಕೂಡಲೇ ಪಾಸ್‌ವರ್ಡ್ ಬದಲಾಯಿಸಿಕೊಳ್ಳಬೇಕೆಂದು ಸಂಸ್ಥೆಯು ಆಗ ಸೂಚನೆ ಹೊರಡಿಸಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ 'ಬ್ರಿಕರ್‌ಬಾಟ್' ಎಂಬ ಕುತಂತ್ರಾಂಶವನ್ನು ಗಣಕ ಸುರಕ್ಷತಾ ತಜ್ಞರು ಗುರುತಿಸಿದ್ದರು. ಭಾರತದ ಈ ದಾಳಿಯೂ ತನ್ನದೇ ಕೆಲಸವೆಂದು ಅದರ ಅನಾಮಧೇಯ ಕರ್ತೃ ಹೇಳಿಕೊಂಡನು. ಅಸುರಕ್ಷಿತ ಉಪಕರಣಗಳನ್ನು ಬೇರೆ ಕಳ್ಳರು ವಶಪಡಿಸಿಕೊಳ್ಳುವ ಮೊದಲೇ ತಾನು ನಿಷ್ಕ್ರಿಯಗೊಳಿಸುತ್ತಿದ್ದೇನೆ ಎಂಬುದು ಅವನ ವಾದ. ವಾದದ ನ್ಯಾಯಾನ್ಯಾಯ ಏನೇ ಇರಲಿ, ಅವನು ಹಣ ಕೇಳಲಿಲ್ಲ, ಲೆಕ್ಕಪತ್ರ ಕದಿಯಲಿಲ್ಲ. ಅದೇ ಬಾಗಿಲಿನಿಂದ ಬೇರೊಬ್ಬನು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು.

ಇದಕ್ಕೆ ಎರಡು ತಿಂಗಳ ಮೊದಲು, 2017ರ ಮೇ 12ರ ಶುಕ್ರವಾರ, 'ವನ್ನಾಕ್ರೈ' ಎಂಬ ಒತ್ತೆಹಣದ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತ್ತು. ವಾರಾಂತ್ಯ ಮುಗಿದು ಸೋಮವಾರ ಕಚೇರಿಗಳು ತೆರೆದಾಗ, ಬ್ರಿಟನ್ನಿನ ಆಸ್ಪತ್ರೆಗಳಿಗೆ ಬಂದ ಆಪತ್ತೇ ನಮ್ಮ ನೆರೆಯ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಗಣಕಯಂತ್ರಗಳಲ್ಲಿಯೂ ಕಾಣಿಸಿತು. ಕಡತಗಳೆಲ್ಲ ಬೀಗ ಹಾಕಿದಂತಾಗಿ, ಬಿಡಿಸಿಕೊಳ್ಳಬೇಕಾದರೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಬೇಕೆಂಬ ಒಕ್ಕಣೆ ಪರದೆಯ ಮೇಲೆ ಮೂಡಿತ್ತು. ಗುಂಡ್ಲುಪೇಟೆಯಿಂದ ತರಕಾರಿ ಲಾರಿಗಳು ದಿನವೂ ಹೋಗಿಬರುವ ಸೀಮೆ ಅದು. ವನ್ನಾಕ್ರೈ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮುಂಚಿತವಾಗಿಯೇ, ಪರಿಹಾರವನ್ನು ಬಿಡುಗಡೆ ಮಾಡಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಎರಡು ಪ್ರಸಂಗಗಳನ್ನು ಮೊದಲಿಗೇ ಹೇಳಲು ಕಾರಣವಿದೆ. ಲೆಕ್ಕಪರಿಶೋಧನೆಗೆ ಹೋದಲ್ಲೆಲ್ಲ ಈ ವಿಷಯ ಎತ್ತಿದರೆ ಕೇಳಿಬರುವ ಮಾತು ಒಂದೇ: "ನಮ್ಮಂಥ ಸಣ್ಣ ಅಂಗಡಿಯವರ ಕಂಪ್ಯೂಟರ್‌ನಲ್ಲಿ ಕದಿಯೋಕೆ ಏನಿದೆ ಸಾರ್? ನಮ್ಮನ್ನು ಯಾರು ಹುಡುಕಿಕೊಂಡು ಬರ್ತಾರೆ?" ಯಾರೂ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ ಎಂಬುದು ನಿಜ. ಆದರೆ ಅವರು ಹುಡುಕುವುದು ವ್ಯಕ್ತಿಯನ್ನಲ್ಲ, ತೆರೆದ ಬಾಗಿಲನ್ನು. ಅಂತರಜಾಲದ ಹಳೆಯ ಕ್ರಮದ ವಿಳಾಸಗಳು ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಗಣಕಯಂತ್ರದಿಂದ, ವೇಗದ ಸಂಪರ್ಕವಿದ್ದರೆ, ಈ ವಿಳಾಸಗಳ ಬಾಗಿಲನ್ನೆಲ್ಲ 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ತೋರಿಸಿಕೊಟ್ಟರು. ಚಾಮರಾಜನಗರದ ದೊಡ್ಡಂಗಡಿ ಬೀದಿಯ ಕಿರಾಣಿ ವರ್ತಕರ ಮೋಡೆಮ್ಮೂ ಮುಂಬಯಿಯ ಬ್ಯಾಂಕಿನ ಯಂತ್ರವೂ ಆ ಎಣಿಕೆಯಲ್ಲಿ ಒಂದೊಂದು ಸಂಖ್ಯೆ ಮಾತ್ರ. ಬ್ಯಾಂಕಿನ ಬಾಗಿಲಿಗೆ ಕಾವಲುಗಾರನಿದ್ದಾನೆ, ನಮ್ಮದಕ್ಕೆ ಇಲ್ಲ.

ತಂತಿ ಸದಾ ಜೀವಂತವಾದ ಬಗೆ

ಮೊದಲು ಡಯಲ್-ಅಪ್ ಇದ್ದ ಕಾಲ ಹಲವರಿಗೆ ನೆನಪಿರಬಹುದು. ಕಿರಿಕಿರಿ ಸದ್ದಿನೊಡನೆ ಸಂಪರ್ಕ ಸಿಕ್ಕುತ್ತಿತ್ತು, ಅಷ್ಟು ಹೊತ್ತೂ ಮನೆಯ ದೂರವಾಣಿ ಕಾರ್ಯನಿರತವಾಗಿರುತ್ತಿತ್ತು, ನಿಮಿಷಕ್ಕಿಷ್ಟೆಂದು ದುಡ್ಡು ಏರುತ್ತಿತ್ತು. ಆದ್ದರಿಂದ ಕೆಲಸ ಮುಗಿದೊಡನೆ ಸಂಪರ್ಕ ಕಡಿಯುತ್ತಿದ್ದೆವು. ಹಾಗಿದ್ದೂ ಆಪತ್ತು ಇರಲಿಲ್ಲವೆಂದಲ್ಲ. 2003ರ ಆಗಸ್ಟ್‌ನಲ್ಲಿ ಹರಡಿದ 'ಬ್ಲಾಸ್ಟರ್' ಹುಳು, ಬಳಕೆದಾರನು ಯಾವ ಕಡತವನ್ನೂ ತೆರೆಯದಿದ್ದರೂ, ಕೇವಲ ಸಂಪರ್ಕದಲ್ಲಿದ್ದ ಕಾರಣಕ್ಕೇ ವಿಂಡೋಸ್ ಎಕ್ಸ್‌ಪಿ ಯಂತ್ರಗಳ ಒಳಹೊಕ್ಕು, ಅರವತ್ತು ಸೆಕೆಂಡುಗಳ ಗಡುವು ತೋರಿಸಿ ಯಂತ್ರವನ್ನು ಮುಚ್ಚಿಸುತ್ತಿತ್ತು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2ರಲ್ಲಿ ಫೈರ್‌ವಾಲ್ ತಾನಾಗಿಯೇ ಚಾಲನೆಯಲ್ಲಿರುವಂತೆ ಮಾಡಿದುದಕ್ಕೆ ಇಂತಹ ಹಾವಳಿಗಳೇ ಹಿನ್ನೆಲೆ.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. 'ಡಾಟಾಒನ್' ಬ್ರಾಡ್‌ಬ್ಯಾಂಡ್ ಆರಂಭಿಸಿದ ಮೇಲೆ ಈ ಕ್ರಮ ಬದಲಾಯಿತು. ಅದರ 'ಹೋಮ್ 500' ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಮನೆಮಂದಿ ಮಲಗಿದ ಮೇಲೆ ಯಂತ್ರವನ್ನು ಚಾಲನೆಯಲ್ಲಿ ಬಿಟ್ಟು, ಸಿನಿಮಾ, ಹಾಡುಗಳನ್ನು ಇಳಿಸಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆದುದು ಆಗ. ಕಾವಲಿಲ್ಲದ ಹೊತ್ತಿನಲ್ಲೇ ಯಂತ್ರ ಹೊರಜಗತ್ತಿಗೆ ತೆರೆದುಕೊಂಡಿರುತ್ತಿತ್ತು. ಈಗ ತಾಮ್ರದ ತಂತಿಯ ಜಾಗಕ್ಕೆ ಫೈಬರ್ ಬಂದಿದೆ, ಬಳಕೆಯ ಲೆಕ್ಕವನ್ನೇ ಬಹುತೇಕ ಯಾರೂ ನೋಡುವುದಿಲ್ಲ, ಸಂಪರ್ಕ ಕಡಿಯುವ ಪ್ರಶ್ನೆಯೇ ಇಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ, ಗೇಟು ಮುಚ್ಚುತ್ತದೆ. ಮನೆಯ ಗೋಡೆಯೊಳಗೆ ಬಂದಿರುವ ಈ ಹೆದ್ದಾರಿಗೆ ಅಂತಹ ಗೇಟು ಇಲ್ಲ, ನಾವೇ ಹಾಕಿಕೊಳ್ಳಬೇಕು.

ಇದರ ಜೊತೆಗೆ, ಮನೆಯ ಯಂತ್ರವೇ ವ್ಯಾಪಾರದ ಯಂತ್ರವೂ ಆಗಿಬಿಟ್ಟಿದೆ. ಅಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಮನೆಯಲ್ಲಿ ಟ್ಯಾಲಿಗೆ ಏರಿಸುವವರು ನಮ್ಮ ಎರಡೂ ಊರುಗಳಲ್ಲಿ ಬಹಳ. ಗೇಟು ಮುಚ್ಚುವುದರೊಳಗೆ ಲಾರಿ ದಾಟಬೇಕೆಂದು ಊಟದ ಮೇಜಿನಿಂದಲೇ ಇ-ವೇ ಬಿಲ್ ತೆಗೆಯುವವರೂ ಇದ್ದಾರೆ. ಅದೇ ಯಂತ್ರದಲ್ಲಿ ಮಗ ಆಟವಾಡುತ್ತಾನೆ, ಮಗಳು ಕಾಲೇಜಿನ ಕೆಲಸ ಮಾಡುತ್ತಾಳೆ, ಬೇಸಿಗೆ ರಜೆಗೆ ಬಂದ ಭಾವಮೈದುನನ ಮಕ್ಕಳು ಇನ್ನೇನನ್ನೋ ಇಳಿಸಿಕೊಳ್ಳುತ್ತಾರೆ. ಗಲ್ಲಾಪೆಟ್ಟಿಗೆಯನ್ನು ಪಡಸಾಲೆಯಲ್ಲಿ ತೆರೆದಿಟ್ಟು ಆಡಿಕೊಳ್ಳಿ ಎಂದು ಯಾರೂ ಹೇಳಲಾರರು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಹಾಗೆಯೇ ನಡೆದಿದೆ.

ಹೋದರೆ ಹೋಗುವುದು ಏನು?

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಯ ಕಕ್ಷಿದಾರರೊಬ್ಬರ ಮನೆಯಲ್ಲಿ ನಡೆದ ಸಂಗತಿ. ಗೊಬ್ಬರ, ಬಿತ್ತನೆ ಬೀಜ, ಕೀಟನಾಶಕಗಳ ವ್ಯಾಪಾರ. ಹಣ ಕೊಡದೆ ಆಟದ ತಂತ್ರಾಂಶ ಪಡೆಯಲೆಂದು ಮನೆಯ ಹುಡುಗ 'ಕ್ರ್ಯಾಕ್' ಕಡತವೊಂದನ್ನು ಇಳಿಸಿ ಓಡಿಸಿದ್ದ. ವೈರಸ್ ನಿರೋಧಕ ಎಚ್ಚರಿಸಿದಾಗ ಅದನ್ನೇ ನಿಲ್ಲಿಸಿದ್ದ. ಕ್ರ್ಯಾಕ್ ಜೊತೆಯಲ್ಲಿ ಬರುವ ಸೂಚನೆಯೇ ಹಾಗಿರುತ್ತದೆ. ಮರುದಿನ ಬೆಳಿಗ್ಗೆ ಟ್ಯಾಲಿಯ ದತ್ತಾಂಶ, ಮದುವೆಯ ಫೋಟೋ, ಜಮೀನಿನ ಕಾಗದದ ಪ್ರತಿ, ಎಲ್ಲದರ ಹೆಸರಿನ ಮುಂದೆ ಅರ್ಥವಿಲ್ಲದ ನಾಲ್ಕಕ್ಷರ ಅಂಟಿಕೊಂಡಿದ್ದವು. ಬ್ಯಾಕಪ್ ಇತ್ತು, ಆದರೆ ಅದೇ ಯಂತ್ರದ ಇನ್ನೊಂದು ಡ್ರೈವ್‌ನಲ್ಲಿ. ಅದಕ್ಕೂ ಅದೇ ಗತಿಯಾಗಿತ್ತು.

ಲೆಕ್ಕವನ್ನು ಮತ್ತೆ ಕಟ್ಟಲು ಕುಳಿತಾಗ ತಿಳಿದ ಸತ್ಯವನ್ನು ಪ್ರತಿಯೊಬ್ಬ ವರ್ತಕರೂ ಅರಿತಿರಬೇಕು. ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ನೋಂದಾಯಿತ ವರ್ತಕರಿಗೆ ಮಾಡಿದ ಮಾರಾಟದ ಬಿಲ್ಲುಗಳ ವಿವರ ಸಿಕ್ಕಿತು. ಖರೀದಿಯ ವಿವರ 2ಬಿ ತಖ್ತೆಯಲ್ಲಿತ್ತು. ಬ್ಯಾಂಕಿನ ಪಾಸ್‌ಪುಸ್ತಕವಿತ್ತು. ಕಂಪನಿಗಳವರು ತಮ್ಮ ಪುಸ್ತಕದ ಬಾಕಿ ಪತ್ರ ಕೊಟ್ಟರು. ಅಷ್ಟರಿಂದ ತಾಳೆಪಟ್ಟಿಯ ಅರ್ಧ ಭಾಗ ನಿಂತಿತು. ಆದರೆ ನೋಂದಣಿಯಿಲ್ಲದ ಗಿರಾಕಿಗಳಿಗೆ ಮಾಡಿದ ಚಿಲ್ಲರೆ ಮಾರಾಟ ಪೋರ್ಟಲ್‌ನಲ್ಲಿ ಒಟ್ಟು ಮೊತ್ತವಾಗಿ ಮಾತ್ರ ಇರುತ್ತದೆ. ಯಾರು ಎಷ್ಟು ಕೊಂಡರೆಂಬುದು ಅಲ್ಲಿಲ್ಲ. ಗೊಬ್ಬರವನ್ನು ಉದ್ರಿಗೆ ಕೊಂಡು, ಅರಿಸಿನವೋ ಚೆಂಡುಹೂವೋ ಮಾರಿದ ಮೇಲೆ ತೀರಿಸುವ ರೈತರ ಖಾತೆಗಳು ಆ ಯಂತ್ರದ ಹೊರಗೆ ಎಲ್ಲಿಯೂ ಇರಲಿಲ್ಲ. ಸರ್ಕಾರದ ಬಳಿ ಇಲ್ಲ, ಬ್ಯಾಂಕಿನ ಬಳಿ ಇಲ್ಲ, ನಮ್ಮ ಕಚೇರಿಯಲ್ಲೂ ಹಿಂದಿನ ಮಾರ್ಚ್ 31ರ ಬಾಕಿಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಬಿಲ್ಲುಪುಸ್ತಕದ ಕಾರ್ಬನ್ ಪ್ರತಿಗಳನ್ನು ಹಿಡಿದು, ಹಳ್ಳಿಹಳ್ಳಿಗೂ ಹೋಗಿ, ರೈತರು ಒಪ್ಪಿದ ಮೊತ್ತವನ್ನೇ ಬಾಕಿಯೆಂದು ಬರೆದುಕೊಳ್ಳಬೇಕಾಯಿತು. ರೈತರಲ್ಲಿ ಬಹುಮಂದಿ ಪ್ರಾಮಾಣಿಕವಾಗಿ ಹೇಳಿದರೆಂಬುದನ್ನು ಇಲ್ಲಿ ದಾಖಲಿಸಬೇಕು. ಆದರೂ ಭಾಗಶಃ ಜಮೆಗಳ ನೆನಪು ಇಬ್ಬರಿಗೂ ಸರಿಯಾಗಿರಲಿಲ್ಲ.

ತೆರಿಗೆ ಕಟ್ಟಲು ಬೇಕಾದ ಲೆಕ್ಕ ಎಲ್ಲಿಂದಾದರೂ ಹುಟ್ಟುತ್ತದೆ; ಬರಬೇಕಾದ ಬಾಕಿಯ ಲೆಕ್ಕ ಹುಟ್ಟುವುದಿಲ್ಲ. ಕಾಯಿದೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. ಕೇಂದ್ರ ಜಿ.ಎಸ್.ಟಿ. ನಿಯಮ 57ರಂತೆ, ವಿದ್ಯುನ್ಮಾನ ದಾಖಲೆಗಳು ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ನಾಶವಾದರೂ ಯುಕ್ತ ಕಾಲದೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇಡತಕ್ಕದ್ದು. ಅಧಿನಿಯಮದ 36ನೆಯ ಕಲಮಿನಂತೆ, ಆ ವರ್ಷದ ವಾರ್ಷಿಕ ತಖ್ತೆಯ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. ಖಾಸಗಿ ನಿಯಮಿತ ಕಂಪನಿಯಾಗಿ ನೋಂದಾಯಿಸಿಕೊಂಡ ಸಣ್ಣ ಕಾರ್ಖಾನೆಯವರಿಗೆ, ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಾಗಲಿ ಬೇರೆಡೆಯಾಗಲಿ, ಇನ್ನೂ ಬಿಗಿ: ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಆಗಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ.

ಗೋಡೆಯ ಮೇಲಿನ ಪೆಟ್ಟಿಗೆ

ಬ್ರಾಡ್‌ಬ್ಯಾಂಡ್‌ನ ಆರಂಭದ ವರ್ಷಗಳಲ್ಲಿ ಅನೇಕ ಮೋಡೆಮ್‌ಗಳನ್ನು 'ಬ್ರಿಡ್ಜ್' ವಿಧಾನದಲ್ಲಿ ಜೋಡಿಸಿ ಹೋಗುತ್ತಿದ್ದರು. ಆಗ ಗಣಕಯಂತ್ರವೇ ನೇರವಾಗಿ ಬೀದಿಯಲ್ಲಿ ನಿಂತಂತೆ. 'ರೌಟರ್' ವಿಧಾನದಲ್ಲಿ ಹಾಗಲ್ಲ. ಹೊರಗಿನಿಂದ ಬಂದವರು ಜಗುಲಿಯವರೆಗೆ ಮಾತ್ರ ಬರಬಲ್ಲರು. ಒಳಗಿನವರು ಕರೆದರಷ್ಟೇ ಒಳಕ್ಕೆ. ಇಂದಿನ ಫೈಬರ್ ಪೆಟ್ಟಿಗೆಗಳು ಸಾಮಾನ್ಯವಾಗಿ ರೌಟರ್ ಆಗಿಯೇ ಕೆಲಸ ಮಾಡುತ್ತವೆ. ಆದ್ದರಿಂದ ಮನೆಯ ರಕ್ಷಣೆಯೆಲ್ಲ ಆ ಪೆಟ್ಟಿಗೆಯ ಬೀಗವನ್ನೇ ಅವಲಂಬಿಸಿದೆ. ಆ ಬೀಗದ ಕೈ ಎಲ್ಲರ ಬಳಿಯೂ ಇದ್ದರೆ ಜಗುಲಿಯಿಂದ ಪ್ರಯೋಜನವಿಲ್ಲ. 2017ರಲ್ಲಿ ಆದದ್ದು ಇದೇ.

ಕೆಲಸ ಕಷ್ಟದ್ದಲ್ಲ. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುವ ಚೀಟಿಯನ್ನು ನೋಡಿ, ಅಲ್ಲಿ 192.168.1.1 ಅಥವಾ ಅಂತಹದೇ ಒಂದು ವಿಳಾಸವಿರುತ್ತದೆ. ಮನೆಯ ಯಂತ್ರದ ಬ್ರೌಸರ್‌ನಲ್ಲಿ ಅದನ್ನು ಬರೆದರೆ ಪೆಟ್ಟಿಗೆಯ ಪುಟ ತೆರೆಯುತ್ತದೆ. ಮೊದಲು ಆಡಳಿತದ ಪಾಸ್‌ವರ್ಡ್ ಬದಲಾಯಿಸಿ. ಇದು ವೈ-ಫೈ ಪಾಸ್‌ವರ್ಡ್‌ಗಿಂತ ಬೇರೆ ಎಂಬುದನ್ನು ಮರೆಯಬಾರದು. ವೈ-ಫೈ ಬದಲಾಯಿಸಿ 'ಆಯಿತು' ಎಂದುಕೊಂಡವರೇ ಹೆಚ್ಚು. ಆಮೇಲೆ ಹೊರಗಿನಿಂದ ನಿರ್ವಹಣೆ ಮಾಡಲು ಬಿಡುವ 'ರಿಮೋಟ್ ಮ್ಯಾನೇಜ್‌ಮೆಂಟ್' ಆಯ್ಕೆ ಮುಚ್ಚಿದೆಯೇ ನೋಡಿ. ವೈ-ಫೈಗೆ ಡಬ್ಲ್ಯೂ.ಪಿ.ಎ.2 ಅಥವಾ ಡಬ್ಲ್ಯೂ.ಪಿ.ಎ.3 ಇರಲಿ, ಹಳೆಯ ಡಬ್ಲ್ಯೂ.ಇ.ಪಿ. ಬೀಗವಿದ್ದರೂ ಇಲ್ಲದಂತೆ. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂ.ಪಿ.ಎಸ್. ಸೌಲಭ್ಯವನ್ನೂ ನಿಲ್ಲಿಸುವುದು ಒಳ್ಳೆಯದು. ಅತಿಥಿಗಳಿಗೂ ಅಂಗಡಿಗೆ ಬರುವ ಗಿರಾಕಿಗಳಿಗೂ ಪ್ರತ್ಯೇಕ 'ಗೆಸ್ಟ್' ಜಾಲ ಕೊಡಿ.

ಫೈಬರ್ ಸಂಪರ್ಕಗಳಲ್ಲಿ ಒಂದು ತೊಡಕಿದೆ. ಕೆಲವು ಕಡೆ ಆಡಳಿತದ ಪುಟದ ಅಧಿಕಾರ ಸೇವಾದಾರರ ಬಳಿಯೇ ಇರುತ್ತದೆ, ಗ್ರಾಹಕನಿಗೆ ಅರೆ ಪ್ರವೇಶ ಮಾತ್ರ. ಸಂಪರ್ಕ ಜೋಡಿಸಲು ಬಂದ ಹುಡುಗರು ತಮ್ಮ ಅನುಕೂಲಕ್ಕಾಗಿ ಬೀದಿಯ ಎಲ್ಲ ಮನೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಹೋಗುವುದನ್ನೂ, ಗ್ರಾಹಕರ ಮೊಬೈಲ್ ಸಂಖ್ಯೆಯನ್ನೇ ವೈ-ಫೈ ಪಾಸ್‌ವರ್ಡ್ ಮಾಡುವುದನ್ನೂ ಕಂಡಿದ್ದೇನೆ. ಅಂಗಡಿಯ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿರುವ ಸಂಖ್ಯೆ ಅದು! ಜೋಡಣೆಯ ದಿನವೇ, ಅವರು ಏಣಿ ಮಡಿಸುವ ಮೊದಲೇ, ನಿಮ್ಮ ಎದುರಿಗೇ ಬದಲಾಯಿಸಿ ಕೊಡುವಂತೆ ಕೇಳಿ. ಅಧಿಕಾರ ಅವರ ಬಳಿಯೇ ಉಳಿಯುವುದಾದರೆ, ಕಾರ್ಖಾನೆಯ ಪಾಸ್‌ವರ್ಡ್ ತೆಗೆದಿದ್ದೀರಾ, ತಂತ್ರಾಂಶದ ಪರಿಷ್ಕರಣೆ ಯಾರು ಮಾಡುತ್ತಾರೆ ಎಂದು ಕೇಳುವ ಹಕ್ಕು ಹಣ ಕೊಡುವ ನಿಮಗಿದೆ.

ಪಾಸ್‌ವರ್ಡ್ ಬರೆದಿಡಬಾರದೆಂಬ ಮಾತೊಂದು ಪ್ರಚಾರದಲ್ಲಿದೆ. ನನ್ನ ಅಭಿಪ್ರಾಯ ಬೇರೆ. ಜ್ಞಾಪಕದಲ್ಲಿಡಲೆಂದು ಅಂಗಡಿಯ ಹೆಸರಿನ ಮುಂದೆ 123 ಸೇರಿಸುವುದಕ್ಕಿಂತ, ಹದಿನೈದು ಅಕ್ಷರಗಳ ಪದವನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡುವುದು ಎಷ್ಟೋ ಮೇಲು. ರಷ್ಯದಲ್ಲಿ ಕುಳಿತ ಕಳ್ಳನಿಗೆ ನಿಮ್ಮ ತಿಜೋರಿ ಎಟುಕುವುದಿಲ್ಲ.

ಮಿಂಚು-ಗುಡುಗು ಬಂದಾಗ ಮೋಡೆಮ್‌ನ ತಂತಿ ಕಳಚುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಸುಟ್ಟ ಮೋಡೆಮ್‌ಗಳಿಗೆ ಲೆಕ್ಕವಿಲ್ಲ. ರಾತ್ರಿ ಮಲಗುವಾಗಲೂ ಊರಿಗೆ ಹೋಗುವಾಗಲೂ ಗಣಕಯಂತ್ರವನ್ನು ಪೂರ್ತಿ ಆರಿಸುವುದನ್ನು ಅದೇ ರೂಢಿಗೆ ಸೇರಿಸಬಹುದು. ಆರಿಸಿದ ಯಂತ್ರವನ್ನು ಯಾರೂ ಪ್ರವೇಶಿಸಲಾರರು.

ಯಂತ್ರದೊಳಗೆ

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಬೆಂಬಲ ಮುಗಿದ ಯಂತ್ರದಲ್ಲಿ ಹೊಸದಾಗಿ ಕಂಡ ದೋಷಗಳು ತೆರೆದೇ ಉಳಿಯುತ್ತವೆ. ಹಳೆಯ ಯಂತ್ರವು ವಿಂಡೋಸ್ 11 ಹೊರಲಾರದಿದ್ದರೆ, ಅದನ್ನು ಅಂತರಜಾಲದಿಂದ ಬೇರ್ಪಡಿಸಿ ಲೆಕ್ಕ ಬರೆಯಲು ಮಾತ್ರ ಇಟ್ಟುಕೊಳ್ಳುವುದೂ ಒಂದು ದಾರಿ. ಪರಿಷ್ಕರಣೆಗಳು ತಾವಾಗಿಯೇ ಬರಲು ಬಿಡಿ. ಬಿಲ್ಲು ಬರೆಯುವ ಹೊತ್ತಿಗೆ ಯಂತ್ರ ಮರುಚಾಲನೆಗೆ ಹೋಗುತ್ತದೆಂಬ ಕೋಪದಿಂದ ಅವನ್ನು ನಿಲ್ಲಿಸಿದವರು ಬಹಳ. ಸಮಯವನ್ನು ರಾತ್ರಿಗೆ ನಿಗದಿಪಡಿಸಿದರೆ ಸಾಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮತ್ತು ಫೈರ್‌ವಾಲ್ ನಮ್ಮ ಅಗತ್ಯಕ್ಕೆ ಸಾಲುತ್ತವೆ. ನಕಲಿ ವಿಂಡೋಸ್ ಮೇಲೆ ದುಬಾರಿ ವೈರಸ್ ನಿರೋಧಕ ಹಾಕುವುದು ಮಣ್ಣಿನ ಗೋಡೆಗೆ ಉಕ್ಕಿನ ಬಾಗಿಲಿಟ್ಟಂತೆ.

ಒಂದೇ ಯಂತ್ರವನ್ನು ಮನೆಮಂದಿಯೆಲ್ಲ ಬಳಸುವುದಾದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ಮಾಡಿ. ಮಕ್ಕಳದ್ದು 'ಸ್ಟ್ಯಾಂಡರ್ಡ್' ಖಾತೆಯಾಗಿರಲಿ. ವರ್ತಕರದ್ದೂ ದಿನಬಳಕೆಗೆ ಅದೇ ಆಗಿರಲಿ. 'ಅಡ್ಮಿನಿಸ್ಟ್ರೇಟರ್' ಖಾತೆಯನ್ನು ತಂತ್ರಾಂಶ ಅಳವಡಿಸುವಾಗ ಮಾತ್ರ ತೆರೆಯಿರಿ. ಗುಮಾಸ್ತರಿಗೆ ಗಲ್ಲಾಪೆಟ್ಟಿಗೆಯ ಕೈ ಕೊಡುತ್ತೇವೆ, ತಿಜೋರಿಯದನ್ನು ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ. ಟ್ಯಾಲಿಯ ದತ್ತಾಂಶವಿರುವ ಫೋಲ್ಡರ್ ಮಕ್ಕಳ ಖಾತೆಗೆ ಕಾಣದಂತೆ ಮಾಡಲೂ ಸಾಧ್ಯ. ಕೈಗೆಟುಕುವುದಾದರೆ ಲೆಕ್ಕಕ್ಕೇ ಬೇರೆ ಯಂತ್ರವಿಡುವುದು ಇವೆಲ್ಲಕ್ಕಿಂತ ಉತ್ತಮ.

ದೂರದಿಂದ ಕೆಲಸ ಮಾಡುವ ಸೌಲಭ್ಯದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಮನೆಯಿಂದ ಅಂಗಡಿಯ ಟ್ಯಾಲಿ ನೋಡಬೇಕೆಂದು ರೌಟರ್‌ನಲ್ಲಿ 3389ನೆಯ ಪೋರ್ಟ್ ತೆರೆಸಿ ವಿಂಡೋಸ್ 'ರಿಮೋಟ್ ಡೆಸ್ಕ್‌ಟಾಪ್' ಬಳಸುವವರಿದ್ದಾರೆ. ಒತ್ತೆಹಣದ ತಂಡಗಳು ಹಗಲೂ ರಾತ್ರಿಯೂ ತಟ್ಟಿ ನೋಡುವ ಬಾಗಿಲು ಅದು. ಪಾಸ್‌ವರ್ಡ್ ಊಹಿಸಲು ಅವರ ಯಂತ್ರಗಳಿಗೆ ಬೇಸರವಾಗುವುದಿಲ್ಲ. ತೆರೆದಿದ್ದರೆ ಇಂದೇ ಮುಚ್ಚಿಸಿ, ಅಗತ್ಯವಿದ್ದರೆ ವಿ.ಪಿ.ಎನ್. ಮೂಲಕ ಮಾಡಿಸಿಕೊಳ್ಳಿ. ದುರಸ್ತಿಗೆ ಬಂದವರು ಎನಿಡೆಸ್ಕ್‌ನಂತಹ ತಂತ್ರಾಂಶಕ್ಕೆ ಕಾಯಂ ಪಾಸ್‌ವರ್ಡ್ ಇಟ್ಟು ಹೋಗಿದ್ದರೆ ಅದನ್ನೂ ತೆಗೆಯಿಸಿ. ಅಪರಿಚಿತರು ದೂರವಾಣಿಯಲ್ಲಿ ಹೇಳಿ ಹಾಕಿಸುವ ಇದೇ ತಂತ್ರಾಂಶದ ಮೂಲಕ ಖಾತೆ ಬರಿದು ಮಾಡುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಸಿ.ಸಿ. ಟಿ.ವಿ. ಪೆಟ್ಟಿಗೆಯೂ ಒಂದು ಗಣಕಯಂತ್ರವೇ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸದ ಇಂತಹ ಕ್ಯಾಮೆರಾ ಪೆಟ್ಟಿಗೆಗಳನ್ನೂ ರೌಟರ್‌ಗಳನ್ನೂ ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳೇ ದೊರೆಯದಂತಾದುದು ಅಂತಹ ಉಪಕರಣಗಳ ದಾಳಿಯಿಂದ. ಕಳ್ಳರನ್ನು ಕಾಯಲೆಂದು ಹಾಕಿಸಿದ ಪೆಟ್ಟಿಗೆಯೇ ಕಳ್ಳರ ಕೈಯಾಳಾಯಿತು.

ಬೇರ್ಪಡಿಸಿಟ್ಟ ಪ್ರತಿ

ಇಷ್ಟೆಲ್ಲ ಮಾಡಿದ ಮೇಲೂ ಆಪತ್ತು ಬರಬಹುದು. ಆಗ ಕಾಯುವುದು ಬ್ಯಾಕಪ್ ಒಂದೇ, ಅದೂ ಯಂತ್ರದಿಂದ ಬೇರ್ಪಟ್ಟ ಬ್ಯಾಕಪ್. ಅದೇ ಯಂತ್ರದ 'ಡಿ' ಡ್ರೈವ್‌ನಲ್ಲಿರುವುದು ಬ್ಯಾಕಪ್ ಅಲ್ಲ. ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್ ಕೂಡ ಅಲ್ಲ. ಅಂತರಜಾಲದ ಡ್ರೈವ್‌ಗೆ ತಾನಾಗಿಯೇ ಹೋಗುವ ಪ್ರತಿಯೂ ಪೂರ್ಣ ಭದ್ರವಲ್ಲ: ಇಲ್ಲಿ ಬೀಗ ಬಿದ್ದ ಕಡತ ಕ್ಷಣದಲ್ಲಿ ಅಲ್ಲಿಯ ಒಳ್ಳೆಯ ಪ್ರತಿಯ ಮೇಲೆ ಕೂರುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸಿಡುವ ಸೌಲಭ್ಯವಿದೆಯೇ, ಎಷ್ಟು ದಿನಕ್ಕೆ ಎಂಬುದನ್ನು ನೋಡಿಕೊಳ್ಳಬೇಕು.

ನಾನು ಕಕ್ಷಿದಾರರಿಗೆ ಹೇಳುವ ಕ್ರಮ ಸರಳವಾದುದು. ಎರಡು ಹೊರಗಿನ ಹಾರ್ಡ್‌ಡಿಸ್ಕ್ ಕೊಳ್ಳಿ; ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಪಟ್ಟಿ ಅಂಟಿಸಿ. ಸೋಮವಾರ, ಬುಧವಾರ, ಶುಕ್ರವಾರ ಕೆಂಪು. ಉಳಿದ ದಿನ ಹಸಿರು. ದಿನದ ಲೆಕ್ಕ ಮುಗಿದ ಮೇಲೆ ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದ ದಿನಾಂಕ ಹಾಕಿದ ಹೊಸ ಫೋಲ್ಡರಿಗೆ ಪ್ರತಿ ತೆಗೆದು, ಕೂಡಲೇ ತಂತಿ ಕಳಚಿಡಿ. ಹಳೆಯದರ ಮೇಲೆ ಬರೆಯಬೇಡಿ. ಒಂದು ಮನೆಯಲ್ಲಿರಲಿ, ಇನ್ನೊಂದು ಅಂಗಡಿಯ ತಿಜೋರಿಯಲ್ಲಿ. ಬೆಂಕಿಯೋ ಕಳ್ಳತನವೋ ಎರಡೂ ಕಡೆ ಒಂದೇ ರಾತ್ರಿ ಆಗುವ ಸಂಭವ ಕಡಿಮೆ. ಉದ್ರಿ ಖಾತೆಗಳ ಬಾಕಿಪಟ್ಟಿಯನ್ನು ತಿಂಗಳಿಗೊಮ್ಮೆ ಕಾಗದದಲ್ಲೂ ಮುದ್ರಿಸಿ ಸಹಿ ಮಾಡಿಡಿ. ಹತ್ತು ಹಾಳೆಯ ಖರ್ಚು ಅಷ್ಟೇ.

ಮೂರು ತಿಂಗಳಿಗೊಮ್ಮೆ ಆ ಡಿಸ್ಕಿನ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಯಾವುದಾದರೂ ಐದು ಖಾತೆಗಳ ಬಾಕಿಯನ್ನು ತಾಳೆ ನೋಡಬೇಕು. ತೆರೆಯದ ಬ್ಯಾಕಪ್ಪು ನಗದು ಮಾಡಿಸದ ಚೆಕ್ಕಿನಂತೆ. ಕೈಗೆ ಬರುವವರೆಗೆ ಅದರ ಬೆಲೆ ಗೊತ್ತಾಗುವುದಿಲ್ಲ.

ಆದುದಾದ ಮೇಲೆ

ಯಂತ್ರಕ್ಕೆ ಬೀಗ ಬಿದ್ದುದು ಕಂಡೊಡನೆ ಮೊದಲು ಜಾಲದ ತಂತಿ ಕಳಚಿ, ವೈ-ಫೈ ನಿಲ್ಲಿಸಿ. ಬ್ಯಾಕಪ್ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಬೇಡಿ. ಗಾಬರಿಯಲ್ಲಿ ಜೋಡಿಸಿ ಉಳಿದ ಒಂದು ಪ್ರತಿಯನ್ನೂ ಕಳೆದುಕೊಳ್ಳುವ ಅಪಾಯವಿದೆ. ಪರದೆಯ ಮೇಲಿನ ಒಕ್ಕಣೆಯ ಫೋಟೋ ತೆಗೆದಿಡಿ. ಹಣ ಕೊಟ್ಟರೆ ಕಡತ ಮರಳುತ್ತದೆಂಬ ಖಾತರಿಯಿಲ್ಲ. 'ನೋ ಮೋರ್ ರಾನ್ಸಮ್' ಎಂಬ ತಾಣ 2016ರಿಂದ ಯುರೋಪಿನ ಪೊಲೀಸರ ಸಹಭಾಗಿತ್ವದಲ್ಲಿ ನಡೆಯುತ್ತಿದ್ದು, ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಅಲ್ಲಿ ದೊರೆಯುತ್ತದೆ. ಕೇಂದ್ರ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ'ವೂ 2017ರಿಂದ ಉಚಿತ ಶುದ್ಧೀಕರಣ ಸಾಧನಗಳನ್ನು ಒದಗಿಸುತ್ತಿದೆ.

ಬ್ಯಾಂಕಿನಿಂದ ಹಣ ಹೋಗಿದ್ದರೆ ಗಂಟೆಗಳ ಲೆಕ್ಕ. 1930 ಸಹಾಯವಾಣಿಗೆ ಕರೆಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲವೆಂದಿತು. ನಾಲ್ಕರಿಂದ ಏಳು ದಿನಗಳೊಳಗಾದರೆ ಸಣ್ಣ ಉದ್ದಿಮೆಗಳ ಚಾಲ್ತಿ ಖಾತೆಗೆ ವ್ಯವಹಾರವೊಂದಕ್ಕೆ 10,000 ರೂಪಾಯಿಯ ಮಿತಿಯಿಟ್ಟಿತು. ಗುಪ್ತ ವಿವರಗಳನ್ನು ತಾನೇ ಕೊಟ್ಟ ಗ್ರಾಹಕನಿಗೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ನಿಮ್ಮ ಬ್ಯಾಂಕಿನಲ್ಲಿ ಈಗ ಜಾರಿಯಲ್ಲಿರುವ ನಿಯಮದ ಪ್ರತಿಯನ್ನು ಆಪತ್ತು ಬರುವ ಮೊದಲೇ ಕೇಳಿ ಪಡೆದಿಟ್ಟುಕೊಳ್ಳಿ.

ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಚಾಮರಾಜನಗರದ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದಾಖಲಿಸಬಹುದು. ಗಣಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಇಂತಹ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ವಿಧಿಸಿರುವುದನ್ನೂ ವ್ಯಾಪಾರ ಸಂಸ್ಥೆಗಳು ತಿಳಿದಿರಬೇಕು. ದೂರಿನ ಸ್ವೀಕೃತಿ ಸಂಖ್ಯೆ, ಪರದೆಯ ಫೋಟೋ, ಬ್ಯಾಂಕಿಗೆ ಬರೆದ ಪತ್ರದ ಪ್ರತಿ, ಲೆಕ್ಕವನ್ನು ಯಾವ ಯಾವ ಆಧಾರದಿಂದ ಮತ್ತೆ ಕಟ್ಟಲಾಯಿತೆಂಬ ಟಿಪ್ಪಣಿ, ಇವೆಲ್ಲವನ್ನೂ ಆ ವರ್ಷದ ಲೆಕ್ಕಪರಿಶೋಧನೆಯ ಕಡತದಲ್ಲಿ ಸೇರಿಸಿಡಿ. ಎರಡು-ಮೂರು ವರ್ಷಗಳ ಬಳಿಕ ಇಲಾಖೆಯಿಂದ ನೋಟೀಸು ಬಂದು, ದಾಸ್ತಾನಿಗೂ ತಖ್ತೆಗೂ ಏಕೆ ತಾಳೆಯಾಗುತ್ತಿಲ್ಲವೆಂದು ಕೇಳಿದಾಗ ತೋರಿಸಲು ಇರುವ ಕಾಗದಗಳು ಅವೇ.